ಪುಕ್ಕಟೆ ನೌಕೆಯ ಬೆಲೆ

1892ನೆಯ ಇಸವಿಯ ಚಳಿಗಾಲದಲ್ಲಿ ಅಮೆರಿಕದ ಬೋಸ್ಟನ್ ಪಟ್ಟಣದ ಹಡಗುಕಟ್ಟೆಯ ಮೇಲೆ ಜೋಷುವಾ ಸ್ಲೋಕಮ್ ಎಂಬ ಕಪ್ತಾನನೊಬ್ಬನು ಕೆಲಸವಿಲ್ಲದೆ ಅಲೆಯುತ್ತಿದ್ದನು. ಕೆನಡಾದ ನೋವಾ ಸ್ಕೋಷಾದಲ್ಲಿ 1844ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಕಡಲಿಗೆ ಇಳಿದು, ದೊಡ್ಡ ದೊಡ್ಡ ಹಾಯಿಹಡಗುಗಳ ಒಡೆತನವನ್ನು ಅನುಭವಿಸಿದವನು ಆತ. ಆದರೆ ಉಗಿಯಂತ್ರದ ಹಡಗುಗಳು ಬಂದು ಹಾಯಿಯ ವೈಭವವನ್ನು ನುಂಗಿದ್ದವು. ಆತನ ಸ್ವಂತ ಹಡಗು ‘ಅಕ್ವಿಡ್ನೆಕ್’ 1887ರ ಕೊನೆಯಲ್ಲಿ ಬ್ರೆಜಿಲಿನ ದಂಡೆಗೆ ಸಿಕ್ಕಿ ನಾಶವಾಗಿದ್ದಿತು. ಇಂತಹ ದಿನಗಳಲ್ಲಿ, ತಿಮಿಂಗಿಲ ಬೇಟೆಯ ಹಡಗುಗಳನ್ನು ನಡೆಸಿ ಮುದುಕನಾಗಿದ್ದ ಎಬೆನ್ ಪಿಯರ್ಸ್ ಎಂಬ ಹಳೆಯ ಸ್ನೇಹಿತನು ಎದುರಾದನು. ಫೇರ್‌ಹೇವನ್ ಊರಿಗೆ ಬಂದರೆ ಒಂದು ಹಡಗನ್ನೇ ಕೊಟ್ಟುಬಿಡುವುದಾಗಿ ಆತನು ಮಾತು ಕೊಟ್ಟನು. ಅದಕ್ಕೆ ತುಸು ರಿಪೇರಿ ಬೇಕಾದೀತೆಂಬುದನ್ನೂ ಮರೆಯದೆ ಸೇರಿಸಿದನು.

ಸ್ಲೋಕಮನು ಮರುದಿನವೇ ಹೋಗಿ ನೋಡಿದನು. ಸಮುದ್ರದಿಂದ ಸಾಕಷ್ಟು ದೂರದಲ್ಲಿ, ಒಂದು ಹೊಲದ ನಡುವೆ, ಹರಕು ಕಿತ್ತಾನಿನ ಹೊದಿಕೆಯಡಿಯಲ್ಲಿ, ಊರುಗೋಲುಗಳ ಆಸರೆಯ ಮೇಲೆ ‘ಸ್ಪ್ರೇ’ ಎಂಬ ಹೆಸರಿನ ಒಂದು ಮುದಿ ನೌಕೆಯು ನಿಂತಿದ್ದಿತು. ಏಳು ವರ್ಷಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಸಬನೊಬ್ಬನು ಅದರ ಸುತ್ತ ಸುಳಿಯುವುದನ್ನು ಕಂಡ ನೆರೆಹೊರೆಯವರು, ಅದನ್ನು ಒಡೆದು ಸೌದೆ ಮಾಡಲು ಬಂದವನಿರಬೇಕೆಂದು ಊಹಿಸಿದರು. ಅಲ್ಲ, ಮತ್ತೆ ಕಟ್ಟಲು ಬಂದಿರುವೆನೆಂದು ಆತನು ಹೇಳಿದಾಗ ಅವರಿಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಇದರಿಂದ ಗಿಟ್ಟುವುದುಂಟೆ ಎಂಬ ಪ್ರಶ್ನೆಯನ್ನು ಒಂದು ವರ್ಷಕ್ಕೂ ಮಿಕ್ಕಿ ಅವರು ಕೇಳುತ್ತಲೇ ಬಂದರು.

ಹಳೆಯ ಹಾಯಿದೋಣಿಯನ್ನು ಕೊಳ್ಳಹೊರಟ ಪ್ರತಿಯೊಬ್ಬನೂ ಇಂದಿಗೂ ಎದುರಿಸಬೇಕಾದ ಪ್ರಶ್ನೆ ಅದೇ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಾಗಲಿ ಅಮೆರಿಕದ ಪೂರ್ವತೀರದಲ್ಲಾಗಲಿ ದೋಣಿಕಟ್ಟೆಗಳ ಹಿಂಬದಿಯಲ್ಲಿ ಹುಲ್ಲು ಬೆಳೆದ ನೆಲದ ಮೇಲೆ ನಿಂತಿರುವ ನೌಕೆಗಳನ್ನು ನೋಡಿದವರಿಗೆ, ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡವರ ಸಂಖ್ಯೆ ಎಷ್ಟೆಂಬುದು ಹೊಳೆಯುವುದು. ಒಂದರ ಒಡಲಿನ ಅರ್ಧಕ್ಕೆ ಬಣ್ಣ ಬಳಿದು ಕುಂಚವನ್ನು ಅಲ್ಲಿಯೇ ಬಿಟ್ಟಿದ್ದಾರೆ. ಇನ್ನೊಂದರ ಎಂಜಿನನ್ನು ಹೊರತೆಗೆದು ಪಕ್ಕದಲ್ಲಿಟ್ಟು ಮಳೆಗೆ ಒಡ್ಡಿದ್ದಾರೆ. ಪ್ರತಿಯೊಂದರ ಹಿಂದೆಯೂ ಒಂದು ಸಂಸಾರದ ಉಳಿತಾಯದ ಹಣ ಅಡಗಿದೆ.

ಸ್ಲೋಕಮನ ಲೆಕ್ಕವು ಈ ವಿಷಯದಲ್ಲಿ ದೊರೆಯುವ ಲೆಕ್ಕಗಳಲ್ಲೆಲ್ಲ ಪ್ರಾಮಾಣಿಕವಾದುದು. ಆತನು ಹತ್ತಿರದಲ್ಲಿಯೇ ಇದ್ದ ಓಕ್ ಮರವೊಂದನ್ನು ಕಡಿದು ನೌಕೆಯ ಬೆನ್ನೆಲುಬಾದ ಅಡಿಮರವನ್ನು ಮಾಡಿದನು. ರೈತನೊಬ್ಬನು ಅಲ್ಪ ಹಣಕ್ಕೆ ಆ ಮರವನ್ನೂ ಪಕ್ಕೆಲುಬುಗಳಿಗೆ ಬೇಕಾದ ತೊಲೆಗಳನ್ನೂ ಎಳೆದು ತಂದುಕೊಟ್ಟನು. ಉಗಿಯ ಪೆಟ್ಟಿಗೆಯೊಂದನ್ನು ತಾನೇ ಹೂಡಿ ಪಕ್ಕೆಲುಬುಗಳನ್ನು ಬೇಯಿಸಿ ಬಾಗಿಸಿದನು. ಮೇಲೆ ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿ, ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ತುರುಕಿ ಬಿಗಿದನು. 36 ಅಡಿ 9 ಅಂಗುಲ ಉದ್ದ, 14 ಅಡಿ 2 ಅಂಗುಲ ಅಗಲದ ಆ ನೌಕೆಯಲ್ಲಿ ಹಳೆಯ ಮರವೆಂಬುದು ಕಡೆಗೆ ಉಳಿಯಿತೋ ಇಲ್ಲವೋ ಎನ್ನುವಂತಾಯಿತು. ಹೀಗೆ ತುಂಡು ತುಂಡಾಗಿ ಎಲ್ಲವೂ ಬದಲಾದ ಮೇಲೆ ಅದು ಹಳೆಯ ‘ಸ್ಪ್ರೇ’ಯೇ ಎಂಬ ತರ್ಕ ತಾರ್ಕಿಕರಿಗೆ ರುಚಿಸಬಹುದು; ಹಡಗಿನ ಕಾನೂನಿಗೆ ಮಾತ್ರ ಅದರಲ್ಲಿ ಗೊಂದಲವಿರಲಿಲ್ಲವೆಂದು ಸ್ಲೋಕಮನೇ ಹೇಳಿಕೊಂಡಿದ್ದಾನೆ.

ಆದ ಖರ್ಚು ಸಾಮಗ್ರಿಗಳಿಗೆ 553 ಡಾಲರು 62 ಸೆಂಟು. ಅದರ ಜೊತೆಗೆ ಆತನ ಸ್ವಂತ ದುಡಿಮೆಯ 13 ತಿಂಗಳುಗಳು. ನಡುನಡುವೆ ಬಂದರಿನ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಕೂಲಿ ಮಾಡಿ ಹೊಟ್ಟೆ ಹೊರೆದುಕೊಂಡುದರಿಂದ ಒಟ್ಟು ಕಾಲ ಇನ್ನೂ ಕೆಲವು ತಿಂಗಳು ಲಂಬಿಸಿತು.

ಈ ಪ್ರಸಂಗವನ್ನು ಓದಿದವರ ಕಣ್ಣು 553 ಡಾಲರುಗಳ ಮೇಲೆ ನಿಲ್ಲುವುದೇ ಹೊರತು 13 ತಿಂಗಳುಗಳ ಮೇಲೆ ನಿಲ್ಲುವುದಿಲ್ಲ. ದಿನಕ್ಕೆ ಎರಡೇ ಡಾಲರಿನಂತೆ ಕೂಲಿಯನ್ನು ಊಹಿಸಿ, ತಿಂಗಳಿಗೆ 25 ದಿನಗಳನ್ನು ಹಿಡಿದರೂ ಆ ದುಡಿಮೆಯ ಬೆಲೆ 650 ಡಾಲರಾಗುವುದು. ಎಂದರೆ ಸಾಮಗ್ರಿಗಿಂತಲೂ ಹೆಚ್ಚು. ಇದೇ ಲೆಕ್ಕವನ್ನು ಇಂದಿನ ಗೃಹಸ್ಥನಿಗೆ ಅನ್ವಯಿಸಿ ನೋಡಬಹುದು. 13 ತಿಂಗಳಿಗೆ 325 ಕೆಲಸದ ದಿನಗಳು. ವಾರವೆಲ್ಲ ಕಚೇರಿಯಲ್ಲಿ ದುಡಿದು, ಶನಿವಾರ ಭಾನುವಾರಗಳಲ್ಲಿ ಮಾತ್ರ ದೋಣಿಯ ಬಳಿಗೆ ಬರುವವನಿಗೆ, ಇಂಗ್ಲೆಂಡಿನಂತಹ ದೇಶದ ಮಳೆ ಚಳಿಗಳನ್ನೂ ಮಕ್ಕಳ ಕಾಯಿಲೆ ನೆಂಟರ ಮದುವೆಗಳನ್ನೂ ಕಳೆದರೆ, ವರ್ಷಕ್ಕೆ 50 ದಿನ ಸಿಕ್ಕಿದರೆ ಅದೇ ಭಾಗ್ಯ. ಸ್ಲೋಕಮನಷ್ಟೇ ಚುರುಕಿನ ಕೈಯಿದ್ದರೂ ಅವನಿಗೆ ಆರೂವರೆ ವರ್ಷ ಬೇಕು. ಅಷ್ಟು ಕಾಲವೂ ನೌಕೆ ನಿಂತ ನೆಲಕ್ಕೆ ಬಾಡಿಗೆ ತೆರಬೇಕು. ಆ ವೇಳೆಗೆ ಮೊದಲ ವರ್ಷ ಬಳಿದ ಬಣ್ಣ ಮತ್ತೆ ಸುಲಿಯಲಾರಂಭಿಸಿರುವುದು. ಹಡಗಿನಲ್ಲಿ ಕುಳಿತು ಲೋಕವನ್ನು ನೋಡುವೆನೆಂದಿದ್ದ ಮಗನು ಬೆಳೆದು ಕಾಲೇಜಿಗೆ ಹೋಗಿರುವನು.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು’ ಎಂದು ನಮ್ಮಲ್ಲಿ ಕೃತಘ್ನರನ್ನು ಹಂಗಿಸುವುದುಂಟು. ನೌಕೆಯ ವಿಷಯದಲ್ಲಿ ಈ ಗಾದೆ ತಿರುವುಮುರುವಾಗುತ್ತದೆ. ಧರ್ಮಕ್ಕೆ ಬಂದುದನ್ನೇ ಮೊದಲು ಮೊಳ ಹಾಕಿ ನೋಡಬೇಕು. ಏಕೆಂದರೆ ಇಲ್ಲಿ ಕೊಂಡ ಬೆಲೆಯು ಒಟ್ಟು ವೆಚ್ಚದ ಅತ್ಯಂತ ಕಿರಿಯ ಭಾಗವಾಗಿರುವುದು ಅಪರೂಪವೇನಲ್ಲ.

ಸ್ಲೋಕಮನಿಗೆ ಅದು ಗಿಟ್ಟಿತು. ಕೈಯಲ್ಲಿ ಹಡಗು ಕಟ್ಟುವ ವಿದ್ಯೆಯಿದ್ದಿತು, ಕಾಲವಿದ್ದಿತು, ಆ ಕಾಲವನ್ನು ಬೇರೆ ಯಾರೂ ಕೊಳ್ಳುವವರಿರಲಿಲ್ಲ. 1895ರ ಏಪ್ರಿಲ್ 24ರಂದು ಬೋಸ್ಟನ್ನಿನಿಂದ ಹೊರಟು, ಏಕಾಕಿಯಾಗಿ ಭೂಮಂಡಲವನ್ನು ಸುತ್ತಿ, 46,000 ಮೈಲಿಗಳಿಗೂ ಮೀರಿ ಪಯಣಿಸಿ, 1898ರ ಜೂನ್ 27ರಂದು ನ್ಯೂಪೋರ್ಟಿಗೆ ಮರಳಿದನು. ಒಬ್ಬಂಟಿಯಾಗಿ ಲೋಕಪ್ರದಕ್ಷಿಣೆ ಮಾಡಿದವರಲ್ಲಿ ಆತನೇ ಮೊದಲಿಗನು. ಹೊಲದ ಓಕ್ ಮರದ ಮೂತಿಯು ಹಿಂದೂಸಾಗರದ ಕೀಲಿಂಗ್ ದ್ವೀಪಗಳ ಬಳಿ ಹವಳದ ಬಂಡೆಯೊಂದಕ್ಕೆ ತಗುಲಿದಾಗ ಸೀಳಿದುದು ಹವಳವೇ. ಮರಕ್ಕೆ ಗಾಯವೂ ಆಗಲಿಲ್ಲ.

ಯಾವುದಕ್ಕೆ ಹಣ ಸುರಿಯಬೇಕು, ಯಾವುದಕ್ಕೆ ಬಿಗಿಹಿಡಿಯಬೇಕು ಎಂಬ ವಿವೇಕವೂ ಆತನಿಗಿದ್ದಿತು. ಆತನ ಹಳೆಯ ಕ್ರೊನೋಮೀಟರನ್ನು, ಎಂದರೆ ಕಡಲಿನಲ್ಲಿ ರೇಖಾಂಶವನ್ನು ಕಾಣಲು ಬಳಸುವ ಸೂಕ್ಷ್ಮ ಗಡಿಯಾರವನ್ನು, ಸರಿಪಡಿಸಲು 15 ಡಾಲರು ಬೇಕಾಗಿದ್ದಿತು. ಅದನ್ನು ಮನೆಯಲ್ಲಿಯೇ ಬಿಟ್ಟು, ದಾರಿಯಲ್ಲಿ ಯಾರ್ಮತ್ ಎಂಬ ಊರಿನಲ್ಲಿ ಒಂದು ತಗಡಿನ ಗಡಿಯಾರವನ್ನು ಕೊಂಡನು. ಬೆಲೆ ಒಂದೂವರೆ ಡಾಲರು; ಮುಖ ಒಡೆದಿದ್ದುದರಿಂದ ಅಂಗಡಿಯವನು ಒಂದು ಡಾಲರಿಗೆ ಕೊಟ್ಟನು. ಮುಂದೆ ಅದರ ನಿಮಿಷದ ಮುಳ್ಳು ಬಿದ್ದುಹೋಯಿತು. ನಡೆಯದೆ ನಿಂತಾಗ ಅದನ್ನು ನೀರಿನಲ್ಲಿ ಕುದಿಸಿ ನಡೆಯಿಸಿದನು! ಇದನ್ನು ಓದಿ ನಕ್ಕು, ತಾವೂ ಹಾಗೆಯೇ ಮಾಡಬಹುದೆಂದುಕೊಳ್ಳುವವರುಂಟು. ಆದರೆ ಚಂದ್ರನ ಗತಿಯನ್ನು ಅಳೆದು ರೇಖಾಂಶವನ್ನು ಗುಣಿಸಿ ತೆಗೆಯುವ ಹಳೆಯ ವಿದ್ಯೆಯನ್ನು ಆತನು ಬಲ್ಲವನಾಗಿದ್ದನು. ಆ 15 ಡಾಲರುಗಳ ಉಳಿತಾಯಕ್ಕೆ ಬೆಂಬಲವಾಗಿದ್ದುದು ಆ ವಿದ್ಯೆ.

ಬೆರ್ನಾರ್ ಮೊಯಿತೆಸಿಯೆ ಎಂಬ ಫ್ರೆಂಚ್ ನಾವಿಕನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕುದು. 1925ರಲ್ಲಿ ಹನಾಯಿಯಲ್ಲಿ ಹುಟ್ಟಿದ ಈತನು ಯೌವನದಲ್ಲಿ ‘ಮರೀ ತೆರೇಸ್’ ಎಂಬ ಮುದಿ ಜಂಕ್ ನೌಕೆಯನ್ನು ಕೊಂಡು ಹಿಂದೂಸಾಗರಕ್ಕೆ ಹೊರಟನು. ನೌಕೆ ಸೋರುತ್ತಿದ್ದಿತು. ನಡುಗಡಲಿನಲ್ಲಿ ನೀರಿಗಿಳಿದು, ಅಡಿಯಲ್ಲಿ ಮುಳುಗಿ, ಸಂದುಗಳನ್ನು ಮುಚ್ಚುವ ಸಾಹಸವನ್ನೂ ಆತನು ಮಾಡಿದನು. ಕಡೆಗೆ ಆ ನೌಕೆಯನ್ನು ನುಂಗಿದುದು ಸೋರಿಕೆಯಲ್ಲ. ರೇಖಾಂಶವನ್ನು ತಿಳಿಯುವ ಸಾಧನವಿಲ್ಲದೆ, ತಾನಿರುವ ಜಾಗ ಯಾವುದೆಂಬುದೇ ಗೊತ್ತಾಗದೆ, 1952ರಲ್ಲಿ ದೀಯೆಗೊ ಗಾರ್ಸಿಯಾ ದ್ವೀಪದ ಬಂಡೆಗಳಿಗೆ ಬಡಿದು ಅದು ಒಡೆದುಹೋಯಿತು. ಸ್ಲೋಕಮನಿಗೆ ಬೇಡವಾದ ಗಡಿಯಾರ ಮೊಯಿತೆಸಿಯೆಗೆ ಬೇಕಾಗಿದ್ದಿತು. ದುರಸ್ತಿಯ ಪಟ್ಟಿಯನ್ನು ಒಬ್ಬರು ಬರೆದು ಎಲ್ಲರಿಗೂ ಹಂಚಲಾಗದು.

ಇಂದು ಮಾರಾಟಕ್ಕೆ ನಿಂತಿರುವ ಹಳೆಯ ದೋಣಿಗಳಲ್ಲಿ ಮರದವು ಕಡಿಮೆ. 1960ರ ದಶಕದಿಂದೀಚೆಗೆ ಗಾಜಿನ ನಾರು ಮತ್ತು ರಾಳದ ಅಂಟನ್ನು ಸೇರಿಸಿ ಅಚ್ಚಿನಲ್ಲಿ ತೆಗೆದ ಫೈಬರ್‌ಗ್ಲಾಸ್ ಒಡಲುಗಳೇ ಹೆಚ್ಚು. ಇವು ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ. ಆದುದರಿಂದಲೇ ಒಂದು ವಿಚಿತ್ರ ಸಂಗತಿ ನಡೆದಿದೆ: ಒಡಲುಗಳು ಸಾಯದೆ ಉಳಿದಿವೆ, ಅವುಗಳ ಮೇಲಿನ ಉಳಿದುದೆಲ್ಲವೂ ಮುದಿಯಾಗಿದೆ. 50 ವರ್ಷದ ನೌಕೆಯೊಂದು ಹೊಸ ಮೋಟಾರು ಸೈಕಲಿನ ಬೆಲೆಗೆ ಸಿಕ್ಕುವುದುಂಟು. ಅದರೊಳಗಿನ ಡೀಸೆಲ್ ಎಂಜಿನನ್ನು ತೆಗೆದು ಹೊಸದನ್ನು ಕೂಡಿಸಹೊರಟರೆ ಮಾತ್ರ ನೌಕೆಗೆ ಕೊಟ್ಟುದಕ್ಕಿಂತ ಹೆಚ್ಚಿನ ಹಣವನ್ನು ಎಣಿಸಿ ಕೊಡಬೇಕಾಗುವುದು.

ಮಾರುವವನು ತೋರಿಸುವುದು ಮೊದಲು ದಿಂಬುಗಳನ್ನು, ಹೊಳೆಯುವ ಹಿತ್ತಾಳೆಯ ದೀಪವನ್ನು, ಹೊಸದಾಗಿ ಕೂಡಿಸಿದ ರೇಡಿಯೋವನ್ನು. ಕೊಳ್ಳುವವನ ಹೆಂಡತಿ ಒಲೆಯನ್ನು ನೋಡುತ್ತಾಳೆ, ಮಕ್ಕಳು ಮಲಗುವ ಗೂಡುಗಳಿಗೆ ಹತ್ತಿ ಕುಣಿಯುತ್ತಾರೆ. ಇವೆಲ್ಲ ಉಡುಗೆತೊಡುಗೆಗಳು, ಕೆಟ್ಟಿದ್ದರೂ ಕಾಯಬಲ್ಲವು. ದುಬಾರಿಯಾದವು ಎಲುಬುಗಳು. ಒಡಲನ್ನೂ ಕೆಳಗಿನ ಸೀಸದ ಅಥವಾ ಕಬ್ಬಿಣದ ಭಾರವನ್ನೂ ಕಚ್ಚಿ ಹಿಡಿದಿರುವ ಕೀಲುಬೋಲ್ಟುಗಳು, ಚುಕ್ಕಾಣಿ, ಕೂವೆಮರ, ಅದನ್ನು ನಾಲ್ಕೂ ಕಡೆಯಿಂದ ಬಿಗಿದಿರುವ ಉಕ್ಕಿನ ಹುರಿಗಳು, ಆ ಹುರಿಗಳ ತುದಿಯನ್ನು ಒಡಲಿಗೆ ಬೆಸೆಯುವ ಪಟ್ಟಿಗಳು, ನೀರಿನ ಮಟ್ಟದ ಕೆಳಗೆ ಒಡಲನ್ನು ತೂತು ಮಾಡಿ ಕೂಡಿಸಿರುವ ನಲ್ಲಿಗಳು—ಇವುಗಳಲ್ಲಿ ಹೆಚ್ಚಿನವು ಬರಿಯ ಕಣ್ಣಿಗೆ ಬೀಳುವುದಿಲ್ಲ. ಉಕ್ಕಿನ ಹುರಿ ಹೊರಗೆ ಬೆಳ್ಳಿಯಂತೆ ಹೊಳೆಯುತ್ತಿದ್ದರೂ ತುದಿಯ ಕೊಳವೆಯೊಳಗೆ ಸವೆದಿರಬಹುದು. ಅದಕ್ಕಾಗಿಯೇ 10ರಿಂದ 15 ವರ್ಷಕ್ಕೊಮ್ಮೆ ಅವನ್ನೆಲ್ಲ ಬದಲಿಸಿರಬೇಕೆಂದು ಅನೇಕ ವಿಮಾ ಕಂಪೆನಿಗಳು ಕೇಳುವುದುಂಟು.

ಆದುದರಿಂದ ನೌಕಾ ಪರೀಕ್ಷಕನೆಂಬ ಮಧ್ಯಸ್ಥನು ಈ ವ್ಯವಹಾರದಲ್ಲಿ ಅವಶ್ಯಕ. ಆತನನ್ನು ನೇಮಿಸುವವನು ಕೊಳ್ಳುವವನು. ಸಂಬಳ ಕೊಡುವವನೂ ಅವನೇ. ಮಾರುವವನು ಹಿಂದೆಂದೋ ಮಾಡಿಸಿದ ವರದಿಯನ್ನು ಕೈಗಿಟ್ಟರೆ ಅದನ್ನು ಓದಿ ಹಿಂದಿರುಗಿಸುವುದು ಲೇಸು. ಪರೀಕ್ಷಕನು ನೌಕೆಯನ್ನು ನೀರಿನಿಂದ ಮೇಲಕ್ಕೆತ್ತಿಸಿ, ಚಿಕ್ಕ ಸುತ್ತಿಗೆಯೊಂದರಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಜಾಗ ಖಣಿಲೆನ್ನುವುದು. ಕೆಟ್ಟ ಜಾಗ ಒದ್ದೆ ಹಲಗೆಯಂತೆ ಮೊಬ್ಬಾಗಿ ದನಿಗೊಡುವುದು. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ತಟ್ಟುವ ನಮ್ಮ ಗೃಹಿಣಿಯರಿಗೆ ಈ ಶಾಸ್ತ್ರವನ್ನು ವಿವರಿಸಬೇಕಾಗಿಲ್ಲ.

ಫೈಬರ್‌ಗ್ಲಾಸಿಗೆ ಒಂದು ಚರ್ಮರೋಗವುಂಟು. ನೀರು ಮೆಲ್ಲಮೆಲ್ಲನೆ ಹೊರಪದರದೊಳಕ್ಕೆ ಜಿನುಗಿ, ಸರಿಯಾಗಿ ಹದಗೊಳ್ಳದ ರಾಳದೊಡನೆ ಕೂಡಿ, ಗುಳ್ಳೆಗಳನ್ನೆಬ್ಬಿಸುತ್ತದೆ. ಒಂದನ್ನು ಚುಚ್ಚಿದರೆ ವಿನಿಗರಿನ ವಾಸನೆಯ ದ್ರವ ಹೊರಬರುವುದು. ಆಸ್ಮೋಸಿಸ್ ಎಂಬ ಇದರ ಹೆಸರನ್ನು ಕೇಳಿದೊಡನೆ ಕೊಳ್ಳುವವರು ಓಡಿಹೋಗುತ್ತಾರೆ. ಹೊರಪದರವನ್ನು ಹೆರೆದು, ತಿಂಗಳುಗಟ್ಟಲೆ ಒಣಗಿಸಿ, ಹೊಸ ಲೇಪ ಕೊಡುವುದು ಖರ್ಚಿನ ಕೆಲಸವೆಂಬುದು ನಿಜ. ಆದರೆ ಗುಳ್ಳೆಯಿಂದ ಮುಳುಗಿದ ನೌಕೆ ಬಹು ಅಪರೂಪ. ಈ ಭಯವನ್ನು ಹಿಡಿದು ಬೆಲೆಯನ್ನು ಇಳಿಸಬಲ್ಲ ಜಾಣನಿಗೆ ಅದು ವರವಾಗಲೂಬಹುದು. ಇದಕ್ಕಿಂತ ಹೆಚ್ಚು ಅಂಜಬೇಕಾದುದು ಮೇಲ್ದಟ್ಟಿನ ರೋಗಕ್ಕೆ. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನು ತುಂಬಿ ಮೇಲ್ದಟ್ಟು ಮಾಡುವುದು ವಾಡಿಕೆ. ಶೋಭೆಗೆಂದು ಅದರ ಮೇಲೆ ತೇಗದ ಪಟ್ಟಿಗಳನ್ನು ನೂರಾರು ತಿರುಪುಗಳಿಂದ ಬಿಗಿದಿದ್ದರೆ, ಪ್ರತಿಯೊಂದು ತಿರುಪಿನ ತೂತೂ ವರ್ಷಗಳು ಕಳೆದಂತೆ ಮಳೆನೀರಿಗೆ ಒಂದು ಬಾಗಿಲು. ಮೇಲೆ ತೇಗ ಎಂಥ ಎಣ್ಣೆಮರವಾಗಿದ್ದರೇನು, ಒಳಗಿನ ಬಾಲ್ಸಾ ಗಂಜಿಯಾಗುತ್ತದೆ. ಹಡಗಿನ ಸೌಂದರ್ಯವೆಂದು ಜಾಹೀರಾತಿನಲ್ಲಿ ಹೊಗಳಿದ ತೇಗದ ನೆಲವೇ ಅದರ ಅತ್ಯಂತ ದುಬಾರಿ ರಿಪೇರಿಯಾಗುವುದು ಹೀಗೆ.

ಈಗ ಹಣದ ಲೆಕ್ಕ. ಅಂಕಿಗಳು ಕೇವಲ ಉದಾಹರಣೆಗೆ. ಸುಸ್ಥಿತಿಯಲ್ಲಿರುವ ಒಂದು ಮಾದರಿಯ ನೌಕೆಗೆ 20,000 ಪೌಂಡು ಬೆಲೆಯಿದೆಯೆಂದೂ, ಅದೇ ಮಾದರಿಯ ಕೆಟ್ಟ ನೌಕೆ 8,000ಕ್ಕೆ ದೊರೆಯುವುದೆಂದೂ ಇಟ್ಟುಕೊಳ್ಳಬಹುದು. ಪರೀಕ್ಷಕನ ಪಟ್ಟಿಯನ್ನು ಹಿಡಿದು ಹೋಗಿ ವಿಚಾರಿಸಿದರೆ ರಿಪೇರಿಗೆ 9,000 ಎನ್ನುತ್ತಾರೆ. ಒಟ್ಟು 17,000, ಮೂರು ಸಾವಿರ ಉಳಿಯಿತೆಂದು ಮನಸ್ಸು ಹಿಗ್ಗುವುದು. ಆದರೆ ಹಳೆಯ ನೌಕೆಯನ್ನು ಬಿಚ್ಚುತ್ತ ಹೋದಂತೆ ಹೊಸ ಹೊಸ ಕೇಡುಗಳು ಹೊರಬೀಳುತ್ತವೆ. ಒಂದು ತಿರುಪನ್ನು ತೆಗೆಯಹೋದರೆ ಅದು ಮುರಿದು ಪಕ್ಕದ ಹಲಗೆಯನ್ನೂ ಕೀಳಬೇಕಾಗುತ್ತದೆ. ರಿಪೇರಿಯ ಅಂದಾಜಿಗೆ ಮೂರನೆಯ ಒಂದು ಪಾಲನ್ನು ಸೇರಿಸುವುದು ಹೇಡಿತನವಲ್ಲ. ಆಗ ಮತ್ತೆ 3,000. ಉಳಿತಾಯ ಸೊನ್ನೆಗಿಳಿಯಿತು. ನೆಲಬಾಡಿಗೆ, ಎತ್ತುಗದ ಕೂಲಿ, ವಿಮೆ, ಕಳೆದುಹೋದ ಎರಡು ಬೇಸಗೆಗಳು—ಇವೆಲ್ಲ ಇನ್ನೂ ಲೆಕ್ಕಕ್ಕೆ ಬರಬೇಕು.

ಇದರ ಮೇಲೆ ಇನ್ನೊಂದು ಪೆಟ್ಟಿದೆ. ಹೊಸ ಎಂಜಿನಿಗೆ ಹಾಕಿದ ಹಣ ಮುಂದೆ ಮಾರುವಾಗ ಇಡಿಯಾಗಿ ಹಿಂದಿರುಗುವುದಿಲ್ಲ. ಮುಂದಿನ ಗಿರಾಕಿಗೆ ಎಂಜಿನ್ ನಡೆಯಬೇಕಾದುದು ಸಹಜವೆಂದು ತೋರುವುದೇ ವಿನಾ ಅದಕ್ಕಾಗಿ ಹೆಚ್ಚು ಕೊಡಬೇಕೆಂದು ತೋರುವುದಿಲ್ಲ. ಹಿಂದಿನ ಒಡೆಯನು ತಾನೇ ಹೊಸ ಹಾಯಿ, ಹೊಸ ಹುರಿ, ಹೊಸ ಎಂಜಿನ್ ಹಾಕಿಸಿ, ಆರೋಗ್ಯ ಕೆಟ್ಟೋ ಮನೆಯವರ ಬಲವಂತಕ್ಕೋ ಮಾರಹೊರಟಿರುವ ನೌಕೆಯೇ ಅಗ್ಗದ ನೌಕೆ. ಮೇಲಿನ ಬೆಲೆ ಎಷ್ಟೇ ಹೆಚ್ಚಾಗಿ ಕಂಡರೂ ಆತನ ನಷ್ಟದ ಲಾಭ ಕೊಳ್ಳುವವನಿಗೆ ಸೇರುತ್ತದೆ. ಇದು ಸ್ವಲ್ಪ ಕ್ರೂರವಾದ ಮಾತು. ಆದರೆ ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ ದಯೆಗೆ ಅಷ್ಟಾಗಿ ಸ್ಥಳವಿಲ್ಲ.

ಹಳೆಯದರ ಗೊಡವೆಯೇ ಬೇಡ, ಹೊಸದನ್ನೇ ಕಟ್ಟಿಸುವೆವೆಂದರೆ ನೆಮ್ಮದಿಯೇ? ಕಾದಂಬರಿಕಾರ ಜಾಕ್ ಲಂಡನ್ನನು ಸ್ಲೋಕಮನ ಪುಸ್ತಕವನ್ನು ಓದಿ ಹುರುಪುಗೊಂಡು, ‘ಸ್ನಾರ್ಕ್’ ಎಂಬ ನೌಕೆಯನ್ನು ಕಟ್ಟಿಸಲು 7,000 ಡಾಲರುಗಳೆಂದು ಅಂದಾಜು ಮಾಡಿದನು. 1906ರ ಏಪ್ರಿಲಿನಲ್ಲಿ ಸಾನ್ ಫ್ರಾನ್ಸಿಸ್ಕೋ ಭೂಕಂಪವಾಯಿತು. ಮರಕ್ಕೂ ಕಬ್ಬಿಣಕ್ಕೂ ಕೂಲಿಗೂ ಬೆಲೆ ಏರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಡಬೇಕಾದವನು 1907ರ ಏಪ್ರಿಲಿನಲ್ಲಿ ಹೊರಟನು. ಆ ವೇಳೆಗೆ ಖರ್ಚು 30,000 ಡಾಲರು ದಾಟಿದ್ದಿತು, ನೌಕೆ ಆಗಲೂ ಸೋರುತ್ತಿದ್ದಿತು. ಕಾಯಿಲೆಯಿಂದ ಯಾತ್ರೆಯನ್ನು ನಡುವೆಯೇ ನಿಲ್ಲಿಸಿದ ಮೇಲೆ ಆಸ್ಟ್ರೇಲಿಯದಲ್ಲಿ ಅದು ಮಾರಾಟವಾದುದು ಆ ಹಣದ ಅಲ್ಪಾಂಶಕ್ಕೆ.

ಹಣ ಹೋದರೆ ಹೋಗಲಿ ಎನ್ನಬಹುದಾದ ಕೇಡುಗಳು ಇವು. ಹಾಗೆನ್ನಲಾಗದ ಕೇಡುಗಳೂ ಇವೆ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ನೌಕೆಯು ವೆಸ್ಟ್ ಇಂಡೀಸಿನ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುತ್ತಿದ್ದಾಗ ಅಟ್ಲಾಂಟಿಕ್ ಸಾಗರದ ನಡುವೆ ಅದರ ಕೀಲು ಕಳಚಿ ಬಿದ್ದಿತು. ನೌಕೆ ಮಗುಚಿಕೊಂಡಿತು, ಅದರಲ್ಲಿದ್ದ ನಾಲ್ವರೂ ಮರಳಿ ಬರಲಿಲ್ಲ. ತಲೆಕೆಳಗಾಗಿ ತೇಲುತ್ತಿದ್ದ ಒಡಲು ಸಿಕ್ಕಿತು. ಪ್ರಾಣರಕ್ಷಣೆಯ ತೆಪ್ಪವು ಅದರಲ್ಲಿ ಇಟ್ಟಲ್ಲಿಯೇ ಇದ್ದಿತು. ಬ್ರಿಟನ್ನಿನ ಸರಕಾರಿ ತನಿಖೆಯು, ಹಿಂದೆ ನೌಕೆ ನೆಲಕ್ಕೆ ತಾಗಿದ ಪ್ರಸಂಗಗಳೂ ಅನಂತರದ ರಿಪೇರಿಗಳೂ ಸೇರಿ ಕೀಲಿನ ಹಿಡಿತವನ್ನು ದುರ್ಬಲಗೊಳಿಸಿದ್ದಿರಬಹುದೆಂದು ವರದಿ ಮಾಡಿತು. ಅದೇನೂ ಮುದಿ ನೌಕೆಯಲ್ಲ; 2006ರಲ್ಲಿ ಕಟ್ಟಿದುದು. ಎಂದಾದರೂ ನೆಲಕ್ಕೆ ತಾಗಿದ್ದುಂಟೆ, ತಾಗಿದ್ದರೆ ಯಾರು ಯಾವಾಗ ಹೇಗೆ ಸರಿಪಡಿಸಿದರು ಎಂಬುದು ಕೊಳ್ಳುವವನು ಮಾರುವವನಿಗೆ ಹಾಕಬೇಕಾದ ಮೊದಲ ಪ್ರಶ್ನೆ. ಉತ್ತರ ತೊದಲಿದರೆ ಕೀಲುಬೋಲ್ಟೊಂದನ್ನು ಹೊರತೆಗೆಸಿ ನೋಡುವ ಖರ್ಚಿಗೆ ಹಿಂಜರಿಯುವಂತಿಲ್ಲ.

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಬೆಲೆಯ ಹತ್ತರಲ್ಲೊಂದು ಪಾಲನ್ನು ಮುಂಗಡ ಕೊಟ್ಟು, ಪರೀಕ್ಷೆಗೆ ಒಳಪಟ್ಟು ಎಂಬ ಷರತ್ತಿನ ಮೇಲೆ ಕರಾರು ಮಾಡಿಕೊಳ್ಳುವರು. ವರದಿಯಲ್ಲಿ ದೊಡ್ಡ ದೋಷ ಕಂಡರೆ ಬೆಲೆ ಇಳಿಸುವಂತೆ ಕೇಳಬಹುದು, ಇಲ್ಲವೆ ಮುಂಗಡವನ್ನು ಹಿಂದೆ ಪಡೆದು ಹೊರಟುಹೋಗಬಹುದು. ಪರೀಕ್ಷಕನಿಗೂ ಎತ್ತುಗಕ್ಕೂ ಕೊಟ್ಟ ಹಣ ಮಾತ್ರ ಹೋದಂತೆಯೇ. ಬಹುಮಂದಿ ಎಡವುವುದು ಇಲ್ಲಿ: ಆ ಹಣ ವ್ಯರ್ಥವಾಗಬಾರದೆಂದು ನೌಕೆಯನ್ನೇ ಕೊಂಡುಬಿಡುತ್ತಾರೆ.

ಮರದ ನೌಕೆಯನ್ನೇ ಬಯಸುವವರು ಇಂದಿಗೂ ಇಲ್ಲದಿಲ್ಲ. ಅವರು ‘ಸುಹೈಲಿ’ಯ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. 32 ಅಡಿ ಉದ್ದದ ಈ ನೌಕೆಯು 1960ರ ದಶಕದಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಲ್ಪಟ್ಟುದು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ನಾವಿಕನು ಹೊಸ ಉಕ್ಕಿನ ನೌಕೆಯನ್ನು ಕಟ್ಟಿಸಲು ಹಣ ದೊರೆಯದೆ, ಇದನ್ನೇ ಸಜ್ಜುಗೊಳಿಸಿ, 1968ರ ಜೂನ್ 14ರಂದು ಫಾಲ್ಮತ್ತಿನಿಂದ ಹೊರಟನು. ಅಟ್ಲಾಂಟಿಕ್ಕಿನಲ್ಲಿ ಅಡಿಯ ಸಂದು ಬಿಟ್ಟು ನೀರು ಬರತೊಡಗಿತು. ಆತನು ನೀರಿನಲ್ಲಿ ಮುಳುಗಿ, ಉಸಿರು ಹಿಡಿಯುವಷ್ಟು ಹೊತ್ತು ಹತ್ತಿಯನ್ನು ಬಡಿದು, ಮೇಲೆದ್ದು ಉಸಿರೆಳೆದು, ಮತ್ತೆ ಮುಳುಗಿ, ಕಡೆಗೆ ತಾಮ್ರದ ಪಟ್ಟಿಯನ್ನು ಮೇಲೆ ಹೊಡೆದು ಆ ಸಂದನ್ನು ಮುಚ್ಚಿದನು. ನಡುವೆ ಸುಳಿದ ತಿಮಿಮೀನೊಂದನ್ನು, ಎಂದರೆ ಶಾರ್ಕನ್ನು, ಗುಂಡಿಟ್ಟು ಕೊಲ್ಲಬೇಕಾಯಿತು. 312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು, ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದ ಮೊದಲನೆಯವನಾಗಿ ಫಾಲ್ಮತ್ತಿಗೆ ಮರಳಿದನು. ಆ ಪಂದ್ಯಕ್ಕೆ ಹೊರಟ ಒಂಬತ್ತು ನೌಕೆಗಳಲ್ಲಿ ಗುರಿ ಮುಟ್ಟಿದುದು ಇದೊಂದೇ.

ಇಷ್ಟೆಲ್ಲವನ್ನು ತಡೆದ ನೌಕೆಗೆ ಕೇಡು ಬಂದುದು ಕಡಲಿನಿಂದಲ್ಲ. 1997ರಲ್ಲಿ ಅದನ್ನು ಗೌರವದಿಂದ ಗ್ರೀನಿಚ್ಚಿನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದೊಳಗೆ ಇರಿಸಿದರು. ಅಲ್ಲಿಯ ಬೆಚ್ಚನೆಯ ಒಣಹವೆಗೆ ಹಲಗೆಗಳು ಕುಗ್ಗಿ ಸಂದುಬಿಡತೊಡಗಿದವು. ಮರದ ನೌಕೆಗೆ ನೀರೇ ಆರೋಗ್ಯ. ವರ್ಷಗಟ್ಟಲೆ ಒಣನೆಲದ ಮೇಲೆ ಸೂರಿನಡಿಯಲ್ಲಿ ಜೋಪಾನವಾಗಿತ್ತೆಂದು ಮಾರುವವನು ಹೊಗಳಿಕೊಂಡರೆ ಕೊಳ್ಳುವವನು ಹಲಗೆಗಳ ಸಂದಿಗೆ ಚಾಕುವಿನ ಮೊನೆಯನ್ನು ತೂರಿಸಿ ನೋಡಬೇಕು. ‘ಸುಹೈಲಿ’ಯ ಒಡೆಯನು 2002ರಲ್ಲಿ ಅದನ್ನು ಹೊರಗೆ ತಂದನು. ಆಮೇಲಿನ ದುರಸ್ತಿ ವರ್ಷಗಳ ಮೇಲೆ ವರ್ಷಗಳನ್ನು ತಿಂದಿತು. ಕೆಲಸದ ಬಹುಪಾಲನ್ನು, ಎಪ್ಪತ್ತು ದಾಟಿದ ಮೇಲೆಯೂ, ಆತನು ಸ್ವಂತ ಕೈಯಿಂದಲೇ ಮಾಡಿದನು. 2018ರ ಜೂನ್ 14ರಂದು, ಹೊರಟ ದಿನಕ್ಕೆ ಸರಿಯಾಗಿ 50 ವರ್ಷಗಳ ಮೇಲೆ, ‘ಸುಹೈಲಿ’ಯು ಫಾಲ್ಮತ್ ಬಂದರಿನಲ್ಲಿ ಮತ್ತೆ ಹಾಯಿ ಬಿಚ್ಚಿತು.